ನರಗುಂದದ ಆರ್ಡರ್

ಗಜೇಂದ್ರಗಡದ ಚನ್ನವ್ವನ ಮನೆಯ ಪಡಸಾಲೆಯಲ್ಲಿ ಆ ಯಂತ್ರವನ್ನು ಮೊದಲ ಸಲ ಜೋಡಿಸಿದ ದಿನ, ಅದರ ತೋಳು ಗರ್ರನೆ ತಿರುಗಿ ಗೋಡೆಯ ಕ್ಯಾಲೆಂಡರನ್ನು ಹರಿದು, ಮೂಲೆಯಲ್ಲಿದ್ದ ತುಂಬಿದ ಕೊಡವನ್ನು ಉರುಳಿಸಿತು. ಚನ್ನವ್ವ ನೀರಿನಲ್ಲಿ ನಿಂತುಕೊಂಡೇ ಮಗಳನ್ನು ನೋಡಿ, "ಮನ್ಯಾಗ ಗಾಣಾ ತಂದ ಹೂಡೀಯಲ್ಲಬೇ ಶೈಲಾ, ಎತ್ತ ಒಂದ ಕಡಿಮಿ ಆತ ನೋಡು" ಅಂದಳು. ಶೈಲಶ್ರೀ ನಕ್ಕಳು. ಗಂಡನಿಂದ ಸೋಡಚೀಟಿ ಮಾಡಿಸಿಕೊಂಡು ತವರಿಗೆ ಬಂದ ಮೇಲೆ ಮಗಳು ಹಾಗೆ ಬಾಯಿ ತುಂಬ ನಕ್ಕಿದ್ದನ್ನು ಚನ್ನವ್ವ ನೋಡಿದ್ದು ಅದೇ ಮೊದಲು. ಅದಕ್ಕಾಗಿ ಆಕೆ ಉರುಳಿದ ಕೊಡದ ಮಾತು ಎತ್ತಲಿಲ್ಲ.

ಯಂತ್ರವೆಂದರೆ ಮತ್ತೇನಿಲ್ಲ, ಮೂರು ಅಡಿ ಅಗಲದ ದುಂಡನೆಯ ಕಬ್ಬಿಣದ ಕಟ್ಟೆ. ಅದರ ಮೇಲೆ ಇಬ್ಬರೋ ಮೂವರೋ ನಿಲ್ಲಬೇಕು. ಕಟ್ಟೆಯ ಬುಡದಿಂದ ಉದ್ದನೆಯ ತೋಳು ಹೊರಬಂದು ಮೇಲಕ್ಕೆ ಬಾಗಿರುತ್ತದೆ. ತೋಳಿನ ತುದಿಗೆ ಮೊಬೈಲು, ಮೊಬೈಲಿನ ಸುತ್ತ ಬಳೆಯಂಥ ದೀಪ. ಕೈಯಲ್ಲಿನ ರಿಮೋಟು ಒತ್ತಿದರೆ ತೋಳು ನಿಂತವರ ಸುತ್ತ ಸುತ್ತುತ್ತದೆ. ಆಮೇಲೆ ವಿಡಿಯೋದಲ್ಲಿ ನೋಡಿದರೆ ಎರಚಿದ ಹೂವಿನ ಪಕಳೆ ಗಾಳಿಯಲ್ಲಿ ತೇಲುತ್ತಿರುತ್ತದೆ, ಸೀರೆಯ ಸೆರಗು ನಿಧಾನಕ್ಕೆ ಏಳುತ್ತದೆ, ದಿನಾ ನೋಡುವ ಮುಖಗಳು ಸಿನಿಮಾದವರ ಮುಖದಂತೆ ಕಾಣುತ್ತವೆ. ಹುಬ್ಬಳ್ಳಿಯ ಮದುವೆಯೊಂದರಲ್ಲಿ ಇದನ್ನು ಕಂಡು ಬಂದವಳು ಉಮಾಶ್ರೀ. ಆಕೆಗೆ ಗಜೇಂದ್ರಗಡದ ಪೇಟೆಯಲ್ಲಿ ಬ್ಯೂಟಿ ಪಾರ್ಲರ್ ಇತ್ತು. ಸುತ್ತಲ ಊರುಗಳ ಮದುಮಕ್ಕಳಿಗೆ ಅಲಂಕಾರ ಮಾಡಲು ಹೋಗುತ್ತಿದ್ದಳು. "ನಾ ಆರ್ಡರ್ ಹಿಡೀತೀನಿ, ನೀ ತಿರಗಸು" ಎಂದು ಗೆಳತಿಯನ್ನು ಕೂಡಿಸಿಕೊಂಡಳು. ಇಬ್ಬರೂ ಅರ್ಧರ್ಧ ಹಾಕಿ ತರಿಸಿದರು.

ತಿರುಗಿಸುವುದು ಅಂದಷ್ಟು ಸುಲಭವಿರಲಿಲ್ಲ. ಪೆಟ್ಟಿಗೆಯ ಜೊತೆ ಬಂದ ಹಾಳೆಯಲ್ಲಿ ಚಿತ್ರಗಳು ಮಾತ್ರ ಇದ್ದವು. ಶೈಲಶ್ರೀ ಟೈಪಿಂಗ್ ಅಂಗಡಿಯ ಕೆಲಸ ಮುಗಿಸಿ ಬಂದು, ಒಂದು ತಿಂಗಳು ತಾಯಿಯನ್ನೇ ಕಟ್ಟೆಯ ಮೇಲೆ ನಿಲ್ಲಿಸಿ ಕಲಿತಳು. ನೆಲ ಒಂದು ಬೆರಳು ಓರೆಯಿದ್ದರೂ ತೋಳು ಜಗ್ಗುತ್ತದೆ, ಆದ್ದರಿಂದ ಗೌಂಡಿಯ ರಸಮಟ್ಟ ಇಟ್ಟು ಬುಡಕ್ಕೆ ರಟ್ಟು ಕೊಡಬೇಕು. ಮಕ್ಕಳು ನುಗ್ಗದಂತೆ ಸುತ್ತ ರಿಬ್ಬನ್ನು ಕಟ್ಟಬೇಕು. ಮುದುಕಿಯರನ್ನು ನಿಲ್ಲಿಸಿದಾಗ ಮೊದಲ ಸುತ್ತು ಮೆಲ್ಲಗೆ ಬಿಡಬೇಕು, ಇಲ್ಲದಿದ್ದರೆ ತಲೆ ತಿರುಗಿತೆಂದು ಇಳಿದುಬಿಡುತ್ತಾರೆ. ಗಂಡಸರಿಗೆ ಕೈ ಏನು ಮಾಡಬೇಕೆಂದೇ ತಿಳಿಯುವುದಿಲ್ಲ, ಆದಕಾರಣ ಅವರ ಕೈಗೆ ಏನಾದರೂ ಕೊಡಬೇಕು. ಇವೆಲ್ಲ ಆಕೆ ತಾನೇ ಕಂಡುಕೊಂಡದ್ದು. ಲಕ್ಕಲಕಟ್ಟಿಯ ತೊಟ್ಟಿಲ ಕಾರ್ಯದಲ್ಲಿ ಎಂಬತ್ತು ದಾಟಿದ ಮುತ್ತಜ್ಜಿಯೊಬ್ಬಳು ಮರಿಮಗಳನ್ನು ಎತ್ತಿಕೊಂಡು ನಿಂತ ವಿಡಿಯೋ ಊರೂರಿನ ಮೊಬೈಲುಗಳಲ್ಲಿ ಓಡಾಡಿತು. ಆಮೇಲೆ ರೋಣದಲ್ಲಿ ಮಾಸ್ತರರೊಬ್ಬರ ನಿವೃತ್ತಿ, ಗಜೇಂದ್ರಗಡದಲ್ಲಿ ಎರಡು ಗೃಹಪ್ರವೇಶ, ಮದುವೆಗಳಂತೂ ಸಾಲುಸಾಲು. ಟೈಪಿಂಗ್ ಅಂಗಡಿ ಬಿಟ್ಟಳು. ಸಾಮಾನು ಒಯ್ಯಲು ಅದೇ ಊರಿನ ನಿಜಾಮುದ್ದೀನನ ಟೆಂಪೋ ಇವರಿಗೆ ಖಾಯಂ ಆಯಿತು.

ಉಮಾಶ್ರೀ ಬರಿಯ ಪಾಲುದಾರಳಲ್ಲ. ಒಂದೇ ಸಾಲಿ, ಒಂದೇ ಬೆಂಚು. ಶೈಲಶ್ರೀಯನ್ನು ಅಸೂಟಿ ಊರಿಗೆ ಮದುವೆ ಮಾಡಿ ಕೊಟ್ಟಾಗ ತಲೆಗೆ ಹೂ ಮುಡಿಸಿ ಕಳಿಸಿದವಳೂ, ಮೂರು ವರ್ಷದ ಮೇಲೆ ಅಲ್ಲಿಂದ ಬಂದಾಗ ಬಸ್‌ಸ್ಟ್ಯಾಂಡಿನಲ್ಲಿ ಚೀಲ ಹಿಡಿಯಲು ನಿಂತಿದ್ದವಳೂ ಆಕೆಯೇ. ಅಸೂಟಿಯ ಗಂಡ ಕೊಟ್ರೇಶ ಕೆಟ್ಟವನೆಂದು ಯಾರೂ ಹೇಳುವ ಹಾಗಿರಲಿಲ್ಲ. ಬೈಯಲಿಲ್ಲ, ಬಡಿಯಲಿಲ್ಲ, ಕುಡಿಯಲಿಲ್ಲ. ಮಾತೂ ಆಡಲಿಲ್ಲ. ತಾಟು ಮುಂದಿಟ್ಟರೆ ಉಣ್ಣುತ್ತಿದ್ದ, ಕೇಳಿದ್ದಕ್ಕೆ ಹೂಂ ಅಥವಾ ಉಹೂಂ ಅನ್ನುತ್ತಿದ್ದ. ಮೂರು ವರ್ಷ ಹಾಗೇ ಕಳೆದು, ಕಡೆಗೊಂದು ದಿನ ಹಿರಿಯರ ಮುಂದೆ, "ಆಕಿಗೂ ನನಗೂ ಹೊಂದೂದಿಲ್ಲರಿ" ಎಂದುಬಿಟ್ಟ. ಶೈಲಶ್ರೀ ಅವನ ಬಾಯಿಂದ ಕೇಳಿದ ಅತಿ ಉದ್ದನೆಯ ಮಾತು ಅದೇ. ತವರಿಗೆ ಬಂದ ಹೊಸದರಲ್ಲಿ ಹತ್ತು ದಿನ ಉಮಾಶ್ರೀ ಆಕೆಯ ಮಗ್ಗುಲಲ್ಲೇ ಮಲಗಿದಳು. ತಾಯಿಯ ಮುಂದೆ ಆಡಲಾರದ್ದನ್ನೆಲ್ಲ ಶೈಲಶ್ರೀ ಆ ಗೆಳತಿಯ ಮುಂದೆ ಆಡಿದಳು, ಅತ್ತಳು, ತನ್ನನ್ನೇ ಹಳಿದುಕೊಂಡಳು.

ಅದಕ್ಕಾಗಿಯೇ ಈ ಕಸುಬು ಶುರುಮಾಡುವಾಗ ಆಕೆ ಕೇಳಿಕೊಂಡದ್ದು ಒಂದೇ. "ಎಲ್ಲಿಗೆ ಬೇಕಾದ್ರೂ ಬರತೀನಿ ಉಮಾ. ಅಸೂಟಿ ಮನೀದು ಮಾತ್ರ ಹಿಡೀಬ್ಯಾಡ."

"ನನಗ ಅಷ್ಟ ತಿಳಿಯೂದಿಲ್ಲೇನ?" ಎಂದು ಉಮಾಶ್ರೀ ಆಕೆಯ ಅಂಗೈ ಮೇಲೆ ಅಂಗೈ ಇಟ್ಟಿದ್ದಳು.

ಮೇ ತಿಂಗಳಲ್ಲಿ ನರಗುಂದದ ಆರ್ಡರ್ ಬಂತು. ದಲಾಲಿ ಅಂಗಡಿಯ ಅಂದಾನಪ್ಪನವರ ಮಗಳ ಮದುವೆ. "ದೊಡ್ಡ ಪಾರ್ಟಿ. ಇದೊಂದು ಚಲೋ ಆತಂದ್ರ ನರಗುಂದದ ವ್ಯಾಪಾರಸ್ಥರ ಮನಿ ಎಲ್ಲಾ ನಮ್ಮೂ" ಅಂದಳು ಉಮಾಶ್ರೀ. ಮದುಮಗಳ ಹೆಸರು ದಾನೇಶ್ವರಿ ಎಂದೂ ಹೇಳಿದಳು. ವರ ಯಾವೂರವನು ಎಂದು ಶೈಲಶ್ರೀ ಕೇಳಿದ್ದಕ್ಕೆ, "ಇಲ್ಲೇ ಎಲ್ಲೋ ರೋಣದ ಕಡ್ಯಾಂವ" ಎಂದು ಮೆಹೆಂದಿಯ ಕೋನುಗಳನ್ನು ಎಣಿಸತೊಡಗಿದಳು. ತಾನು ಒಂದು ದಿನ ಮೊದಲೇ ಹೋದಳು.

ಮದುವೆಯ ದಿನ ನಸುಕಿಗೆ ಶೈಲಶ್ರೀ ನಿಜಾಮುದ್ದೀನನ ಟೆಂಪೋ ಹತ್ತಿದಳು. ರೋಣ ದಾಟಿ ಎರೆಹೊಲಗಳ ನಡುವೆ ಹೋಗುವಾಗ ಅವನು ತನ್ನ ಮಗಳ ನಿಕಾಹದ ಮಾತು ತೆಗೆದ. "ನಮ್ಮ ಹುಡುಗಿಗೂ ನಿಮ್ಮ ಗಾಣಾ ಹೂಡಬೇಕ ನೋಡ್ರಿ ಶೈಲಕ್ಕ" ಅಂದ. ಬಂದೇ ಬರುತ್ತೇನೆಂದು ಆಕೆ ಮಾತು ಕೊಟ್ಟಳು. ಅವತ್ತು ಮನಸ್ಸು ಹಗುರಾಗಿತ್ತು.

ಕಲ್ಯಾಣಮಂಟಪದ ಹಿಂಬಾಗಿಲಿಂದ ಸಾಮಾನು ಇಳಿಸಿದರು. ಊಟದ ಹಾಲಿಗೆ ಹೋಗುವ ದಾರಿಯಲ್ಲೇ ಜಾಗ ಕೊಟ್ಟಿದ್ದರು. ಶೈಲಶ್ರೀ ರಸಮಟ್ಟ ಇಟ್ಟು, ಎರಡು ಕಡೆ ರಟ್ಟು ಕೊಟ್ಟು, ತೋಳು ಬಿಗಿದು, ದೀಪದ ವಾಯರು ಎಳೆದಳು. ವೇದಿಕೆಯ ಮೇಲೆ ಇಬ್ಬರು ಥರ್ಮಾಕೋಲಿನ ಅಕ್ಷರ ಅಂಟಿಸುತ್ತಿದ್ದರು. 'ಕೊಟ್ರೇಶ' ಅನ್ನುವಷ್ಟು ಆಗಿತ್ತು. ಆಕೆ ಅದನ್ನು ಎರಡು ಸಲ ಓದಿದಳು. ಈ ಸೀಮೆಯಲ್ಲಿ ಓಣಿಗೆ ನಾಲ್ಕು ಮಂದಿ ಕೊಟ್ರೇಶರು. ಆ ಹೆಸರು ಕಂಡಲ್ಲೆಲ್ಲ ಬೆಚ್ಚುತ್ತ ಹೋದರೆ ಬಾಳುವೆ ನಡೆಯುವುದಿಲ್ಲ ಎಂದುಕೊಂಡು ಸ್ಕ್ರೂ ಬಿಗಿದಳು.

ಯಂತ್ರ ನೋಡಲು ಮದುಮಗಳು ತಾನೇ ಬಂದಳು. ತಲೆಯ ತುಂಬ ಮಲ್ಲಿಗೆ, ಮುಖಕ್ಕೆ ಉಮಾಶ್ರೀಯ ಕೈಯ ಅಲಂಕಾರ ಅರ್ಧ ಮುಗಿದಿತ್ತು. ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ಇದ್ದೀತು.

"ಅಕ್ಕಾರ, ಒಂದ ಸಲ ನಾ ಒಬ್ಬಾಕಿನ ನಿಂತ ನೋಡ್ಲೇನ್ರಿ? ಆಮ್ಯಾಲ ಎಲ್ಲಾರ ಮುಂದ ನಾಚಿಕಿ ಬರತೈತಿ."

"ಬಾ ತಂಗಿ. ನಡು ನಿಂದ್ರು. ಕೈ ಹೊರಗ ಚಾಚಬ್ಯಾಡ."

ತೋಳು ಮೆಲ್ಲಗೆ ಒಂದು ಸುತ್ತು ಬಂತು. ವಿಡಿಯೋ ನೋಡಿ ದಾನೇಶ್ವರಿಗೆ ಹಿಗ್ಗು ತಡೆಯಲಿಲ್ಲ. ಕಟ್ಟೆಯ ಅಂಚಿಗೇ ಕುಳಿತು ಮಾತಿಗೆ ಇಳಿದಳು. "ಉಮಕ್ಕಗ ನಾವು ಎಷ್ಟ ಉಪಕಾರ ಅಂದ್ರೂ ಕಡಿಮೀನ ನೋಡ್ರಿ. ಆಕಿ ಇರಲಿಲ್ಲಂದ್ರ ಈ ಲಗ್ನನ ಆಗತಿರಲಿಲ್ಲ."

"ಯಾಕ?"

"ನಮ್ಮ ಮನಿಯವ್ರಿಗೆ ಇದು ಎರಡನೇ ಸಂಬಂಧರಿ. ಮೊದಲಿನಾಕಿ ಬಿಟ್ಟು ಹೋಗ್ಯಾಳಂತ. ನಮ್ಮಪ್ಪ ಮೊದಲ ಒಪ್ಪಲಿಲ್ಲ. ಹೆಣ್ಣ ಬಿಟ್ಟು ಹೋಗೂದಂದ್ರ ಆ ಮನ್ಯಾಗ ಏನೋ ಐತಿ ಅಂದ. ಆಮ್ಯಾಲ ನಮ್ಮವ್ವ ಗಜೇಂದ್ರಗಡಕ್ಕ ಹೋಗಿ ಉಮಕ್ಕನ್ನ ಕೇಳಿದ್ಲು. ಆ ಮೊದಲಿನಾಕಿ ಉಮಕ್ಕನ ಜೀವದ ಗೆಳತಿಯಂತ. ಉಮಕ್ಕ ಖರೇದ್ದು ಹೇಳಿದ್ಲು. ತಪ್ಪ ನನ್ನ ಗೆಳತೀದ, ಮನಿ ಮಾಡೂ ಮನಸ ಆಕಿಗೆ ಇರಲಿಲ್ಲ, ಆಕೀನ ನನ್ನ ಮುಂದ ಅತಗೋತ ಒಪ್ಪಕೊಂಡಾಳ ಅಂತ. ಗೆಳತೀನ ಹಂಗಂದ ಮ್ಯಾಲ ನಮ್ಮಪ್ಪನೂ ಒಪ್ಪಿದ."

ಶೈಲಶ್ರೀಯ ಕೈಯಲ್ಲಿ ಮೊಬೈಲು ಇತ್ತು. ಅದರಲ್ಲಿ ಈ ಹುಡುಗಿ ಇನ್ನೂ ಮೆಲ್ಲಗೆ ತಿರುಗುತ್ತಿದ್ದಳು.

"ವರ ಯಾವೂರಾಂವ ತಂಗಿ?" ಎಂದು ಕೇಳಿದಳು. ಉತ್ತರ ಆಕೆಗೆ ಗೊತ್ತಾಗಿತ್ತು.

"ಅಸೂಟಿರಿ."

ಬಾಯಿಗೆ ಬಂದ ಮಾತುಗಳನ್ನೆಲ್ಲ ತಡೆದು ಶೈಲಶ್ರೀ ಒಂದನ್ನು ಮಾತ್ರ ಕೇಳಿದಳು. "ನಿನ್ನ ಜೋಡಿ ಮಾತಾಡತಾರೇನು ಅವರು?"

ದಾನೇಶ್ವರಿ ತಲೆ ತಗ್ಗಿಸಿ ನಕ್ಕಳು. "ಏನ ಕೇಳತೀರಿ. ದಿನಾ ಫೋನ್ರಿ, ತಾಸಗಟ್ಲೆ. ಹೊಲದಾಗ ಏನ ಬಿತ್ಯಾರ, ಆಕಳ ಏನ ಮಾಡಿತು, ಎಲ್ಲಾ ಹೇಳತಾರ. ನಾ ಬರೇ ಕೇಳೂದ."

ಹೇಳಿ ಎಚ್ಚರಿಸಬೇಕೆಂದಿದ್ದರೆ ಆ ಒಂದು ವಿಷಯವಿತ್ತು, ಅದೂ ಈಗ ಇಲ್ಲವಾಯಿತು. ಅವನಿಗೆ ಮಾತು ಬರುತ್ತಿತ್ತು. ತನ್ನ ಜೊತೆ ಬರಲಿಲ್ಲ ಅಷ್ಟೆ. ಶೈಲಶ್ರೀ ಹುಡುಗಿಯ ಕೈ ಹಿಡಿದು ಕಟ್ಟೆಯಿಂದ ಇಳಿಸಿ, "ಹೋಗು, ಹೊತ್ತಾತು. ಸೀರಿ ಉಟ್ಟ ಬಾ, ಚಲೋ ತಗೀತೀನಿ" ಎಂದು ಕಳಿಸಿದಳು.

ಆಕೆ ಹೋದ ಮೇಲೆ ಕಳಕವ್ವ ಬಂದಳು. ಕೊಟ್ರೇಶನ ತಾಯಿ. ಮೊದಲಿಗಿಂತ ಇಳಿದಿದ್ದಳು, ಇಳಕಲ್ಲ ಸೀರೆಯ ಸೆರಗು ಹೆಗಲಿನಿಂದ ಜಾರುತ್ತಿತ್ತು. ಬಂದವಳೇ ಎರಡೂ ಕೈಯಿಂದ ಶೈಲಶ್ರೀಯ ಗಲ್ಲ ಸವರಿ ನೆಟಿಗೆ ಮುರಿದಳು.

"ದೊಡ್ಡ ಮನಸ ಮಾಡಿದಿ ಯವ್ವಾ. 'ನನಗ ಯಾರ ಮ್ಯಾಲೂ ಸಿಟ್ಟಿಲ್ಲ, ನಾನ ಬಂದು ಅಕ್ಕಿಕಾಳ ಹಾಕತೀನಿ' ಅಂತ ನೀ ಹೇಳಿ ಕಳಿಸಿದ್ದನ್ನ ಉಮಾಶ್ರೀ ಹೇಳಿದ್ಲು. ನನಗ ಕಣ್ಣಾಗ ನೀರ ಬಂತು."

"ನಾ ಹಂಗ ಹೇಳಿ ಕಳಿಸಿಲ್ಲ ಅತ್ತಿ. ಈ ಲಗ್ನ ಯಾರದಂತ ನನಗ ಗೊತ್ತಾಗಿದ್ದು ಈಗ."

ಕಳಕವ್ವನ ಕೈ ಗಲ್ಲದಿಂದ ಇಳಿಯಿತು.

"ತಪ್ಪು ನಂದ ಅಂತ ನಾ ಒಪ್ಪಕೊಂಡೇನಿ ಅಂತಲೂ ಹೇಳ್ಯಾಳಂತ," ಶೈಲಶ್ರೀ ಮುಂದುವರಿಸಿದಳು. "ನೀವು ಅದ ಮನ್ಯಾಗ ಇದ್ರಿ. ನೀವು ಹೇಳ್ರಿ, ತಪ್ಪು ನಂದೇನು?"

ಮುದುಕಿ ಅತ್ತಿತ್ತ ನೋಡಿದಳು. ಬೀಗರ ಕಡೆಯವರು ಯಾರೂ ಹತ್ತಿರವಿರಲಿಲ್ಲ. ದನಿ ತಗ್ಗಿಸಿ ಅಂದಳು: "ನನಗ ಗೊತ್ತಿಲ್ಲೇನ ತಂಗಿ. ನನ್ನ ಮಗನ ಬಾಯಿಗೆ ಬೀಗ ಬಿದ್ದದ್ದು ನಾ ನೋಡಿಲ್ಲೇನು? ಆದ್ರ ಹೆಣ್ಣಿನವ್ರು ಕೇಳಾಕತ್ತಿದ್ರು. ಉಮಾಶ್ರೀ ಹಂಗ ಹೇಳಿದ್ಲು, ಅವರು ನಂಬಿದ್ರು. ನಾವು ಅಲ್ಲ ಅನ್ನಲಿಲ್ಲ. ಮಗಾ ಮತ್ತ ಬಾಳೇಕ ಬರಲಿ ಅಂತ ಸುಮ್ಮನಾದ್ವಿ. ನಿನಗೂ ಅದರಿಂದ ಏನ ಹೋಗಬೇಕಾಗಿತ್ತು, ಬಿಟ್ಟ ಊರಾಗಿನ ಮಾತು."

ಹೀಗೆ ಹೇಳಿ ಆಕೆ ಸೆರಗಿನ ತುದಿಯಿಂದ ಕಣ್ಣೊರಸಿಕೊಂಡು, ಕರೆ ಬಂತೆಂದು ಹೋದಳು. ಆ ಕಣ್ಣೀರು ಸುಳ್ಳಿರಲಿಲ್ಲ. ಅದೇ ಶೈಲಶ್ರೀಗೆ ಹೆಚ್ಚು ನೋಯಿತು. ತನ್ನನ್ನು ಪ್ರೀತಿಯಿಂದಲೇ ಮಾರಿದ್ದರು.

ಅಲಂಕಾರದ ಕೋಣೆಯಲ್ಲಿ ಉಮಾಶ್ರೀ ಒಬ್ಬಳೇ ಪೆಟ್ಟಿಗೆಯಲ್ಲಿ ಬಣ್ಣಗಳನ್ನು ಹೊಂದಿಸುತ್ತಿದ್ದಳು. ಮದುಮಗಳು ಸೀರೆ ಉಡಲು ಒಳಗೆ ಹೋಗಿದ್ದಳು. ಕನ್ನಡಿಯಲ್ಲಿ ಶೈಲಶ್ರೀಯ ಮುಖ ಕಂಡದ್ದೇ ಆಕೆಗೆ ತಿಳಿಯಿತು.

"ಹೇಳಿದ್ರ ನೀ ಬರತಿರಲಿಲ್ಲ," ಅಂದಳು, ತಿರುಗದೆಯೇ.

"ಬರತಿರಲಿಲ್ಲ."

"ಮತ್ತ? ಇಂಥಾ ಆರ್ಡರ್ ಬಿಡಬೇಕಿತ್ತೇನು? ನಿನ್ನ ಬಿಟ್ರ ಅದನ್ನ ಹೂಡಾಕ ಯಾರಿಗೆ ಬರತೈತಿ?"

"ಆರ್ಡರಿನ ಮಾತಲ್ಲ ಉಮಾ. ತಪ್ಪ ನಂದಂತ ನೀ ಯಾಕ ಹೇಳಿದಿ?"

ಉಮಾಶ್ರೀ ಈಗ ತಿರುಗಿದಳು. ಮುಖದಲ್ಲಿ ನಾಚಿಕೆಗಿಂತ ಬೇಸರವೇ ಹೆಚ್ಚಿತ್ತು. "ನಾ ಸುಳ್ಳ ಹೇಳಿಲ್ಲ. ನೀನ ಅಂದಿದ್ದಿ."

"ನಾನು?"

"ನೀನ. ತವರಿಗೆ ಬಂದಾಗ, ಕೌದ್ಯಾಗ ಮುಖಾ ಮುಚಗೊಂಡು. 'ನಂದ ತಪ್ಪಿರಬೇಕು ಉಮಾ, ನನಗ ಮನಿ ಮಾಡಾಕ ಬರಂಗಿಲ್ಲ, ಇಲ್ಲಂದ್ರ ಒಬ್ಬ ಮನಷ್ಯಾ ಮೂರ ವರ್ಷ ಹ್ಯಾಂಗ ಸುಮ್ಮನಿರತಾನ' ಅಂದಿದ್ದಿ. ಅದನ್ನ ಹೇಳಿದ್ನಿ."

ಶೈಲಶ್ರೀಗೆ ನೆನಪಾಯಿತು. ಅಂದಿದ್ದಳು. ಇನ್ನೂ ಏನೇನೋ ಅಂದಿದ್ದಳು. ಗಾಯದ ಬಾಯಿಂದ ಬಂದ ಮಾತನ್ನು ಈಕೆ ಎರಡು ವರ್ಷ ಜೋಪಾನ ಮಾಡಿ, ಬೇಕಾದಾಗ ತೆಗೆದು ಪೇಟೆಗೆ ಹಾಕಿದ್ದಳು. ಸುಳ್ಳು ಹೇಳಿದ್ದರೆ ಜಗಳವಾಡಬಹುದಿತ್ತು. ಇದು ಖರೇ ಮಾತಾಗಿತ್ತು.

"ಅದು ನಿನ್ನ ಮುಂದ ಅಂದದ್ದು," ಎಂದಳು.

"ನಿನಗೇನ ಕಡಿಮಿ ಆತು ಹೇಳು? ನೀ ಹ್ಯಾಂಗೂ ಬಿಟ್ಟ ಬಂದಾಕಿ. ಇಲ್ಲಿ ಒಂದ ಹುಡುಗಿ ಬಾಳೇ ಚಲೋ ಆತು, ನಮಗೂ ನಾಕ ಮನಿ ಸಿಕ್ಕೂ. ನಿನ್ನ ಸಲುವಾಗೂ ಮಾಡಿದ್ನಿ ನಾ."

"ನನ್ನ ಸಲುವಾಗಿ ಇನ್ನ ಮ್ಯಾಲ ಏನೂ ಮಾಡಬ್ಯಾಡ."

ಹೊರಗೆ ಬಂದು ಆಕೆ ನಿಜಾಮುದ್ದೀನನನ್ನು ಹುಡುಕಿದಳು. ಅವನು ಟೆಂಪೋದ ನೆರಳಲ್ಲಿ ಚಹಾ ಕುಡಿಯುತ್ತಿದ್ದ. ಎಲ್ಲವನ್ನೂ ನಾಲ್ಕು ಮಾತಿನಲ್ಲಿ ಹೇಳಿದಳು. ಅವನು ಲೋಟ ಕೆಳಗಿಟ್ಟು, "ಬಿಚ್ಚೂಣೇನ್ರಿ? ಅರ್ಧಾ ತಾಸಿನ ಕೆಲಸ. ಮನಿಗೆ ಹೋಗೂಣು" ಎಂದು ಎದ್ದು ನಿಂತ. ಆಕೆಗೂ ಅದೇ ಬೇಕಾಗಿತ್ತು. ಇಬ್ಬರೂ ಒಳಗೆ ಬಂದು, ಬಿಚ್ಚಲು ಬೋಲ್ಟಿಗೆ ಪಾನಾ ಹಚ್ಚಿಯೂ ಆಗಿತ್ತು. ಅಷ್ಟರಲ್ಲಿ ಅಕ್ಷತೆ ಬಿತ್ತು, ವಾಲಗ ಜೋರಾಯಿತು, ಹಸಿರು ಸೀರೆಯ ದಾನೇಶ್ವರಿ ತನ್ನ ಅಕ್ಕತಂಗಿಯರ ಹಿಂಡನ್ನು ಕಟ್ಟಿಕೊಂಡು ಇತ್ತಲೇ ಬರುತ್ತಿದ್ದಳು. ದೂರದಿಂದಲೇ, "ಅಕ್ಕಾರ, ಉಟ್ಟ ಬಂದ್ನಿ ನೋಡ್ರಿ" ಅಂದಳು. ಅವಳ ಹಿಂದೆ ಕೊಟ್ರೇಶ ಇದ್ದ.

ಶೈಲಶ್ರೀ ಪಾನಾ ನಿಜಾಮುದ್ದೀನನ ಕೈಗೆ ಕೊಟ್ಟಳು. "ತಗೀತೀನಂತ ಆ ಹುಡುಗಿಗೆ ಹೇಳೇನಿ. ತಡೀರಿ."

ಕೊಟ್ರೇಶನಿಗೆ ಈಕೆ ಬರುವುದು ಗೊತ್ತಿತ್ತು, ಆದರೂ ಕಂಡಾಗ ಅವನ ಮುಖ ಬಿಳಿಚಿತು. ಕಟ್ಟೆ ಹತ್ತುವಾಗ ಒಂದು ಕ್ಷಣ ನಿಂತು, ಯಾರಿಗೂ ಕೇಳಿಸದಂತೆ, "ಆರಾಮ ಅದೀಯಾ?" ಅಂದ.

"ನಡು ನಿಂದರ್ರಿ. ಕೈ ಹೊರಗ ಚಾಚಬ್ಯಾಡ್ರಿ," ಎಂದಳು ಆಕೆ.

ತೋಳು ತಿರುಗಿತು. ಅಕ್ಕತಂಗಿಯರು ಹೂ ಎರಚಿದರು. ದಾನೇಶ್ವರಿ ಏನೋ ಅಂದಳು, ಅವನು ತಲೆ ಹಿಂದಕ್ಕೆ ಹಾಕಿ ನಕ್ಕ. ಮೂರು ವರ್ಷ ಒಂದೇ ಸೂರಿನಡಿ ಇದ್ದು ಕಾಣದ ಹಲ್ಲುಗಳನ್ನು ಶೈಲಶ್ರೀ ಅಂಗೈಯಗಲದ ಪರದೆಯ ಮೇಲೆ ನಿಧಾನಗತಿಯಲ್ಲಿ ಕಂಡಳು. ವಿಡಿಯೋ ಚಲೋ ಬಂದಿತ್ತು. ಮದುಮಗಳ ಮೊಬೈಲಿಗೆ ಕಳಿಸಿದಳು. ಆಮೇಲೆ ಸಾಲಿನಲ್ಲಿ ನಿಂತವರಿಗೆ ಯಂತ್ರ ಕೆಟ್ಟಿದೆ ಎಂದು ಹೇಳಿ, ದೀಪ ಆರಿಸಿ, ಬಿಚ್ಚಿದಳು. ಉಮಾಶ್ರೀ ಓಡಿಬಂದು, "ಅಂದಾನಪ್ಪನವರಿಗೆ ನಾ ಏನಂತ ಹೇಳ್ಲಿ?" ಎಂದಳು. "ಏನ ಹೇಳಬೇಕನ್ನೂದು ನಿನಗ ಚಂದಾಗಿ ಬರತೈತಿ" ಎಂದು ಶೈಲಶ್ರೀ ಟೆಂಪೋ ಹತ್ತಿದಳು. ಊಟ ಸಹ ಮಾಡಲಿಲ್ಲ. ರೋಣದಲ್ಲಿ ನಿಜಾಮುದ್ದೀನ ಗಾಡಿ ನಿಲ್ಲಿಸಿ, ಮಿರ್ಚಿ ಮಂಡಕ್ಕಿ ಕಟ್ಟಿಸಿಕೊಂಡು ಬಂದು ಆಕೆಯ ತೊಡೆಯ ಮೇಲಿಟ್ಟ. ಅದನ್ನು ಹಿಡಿದುಕೊಂಡೇ ಆಕೆ ಅತ್ತಳು.

ಯಂತ್ರ ಚನ್ನವ್ವನ ಪಡಸಾಲೆಯಲ್ಲಿ ಉಳಿಯಿತು. ಆರ್ಡರುಗಳ ಫೋನ್ ನಂಬರು, ವಿಡಿಯೋ ಹಾಕುವ ಪೇಜು, ಬೋರ್ಡಿನ ಹೆಸರು ಉಮಾಶ್ರೀಯ ಬಳಿ ಉಳಿದವು. ತಿಂಗಳೊಳಗೆ ಆಕೆ ಹೊಸದೊಂದನ್ನು ತರಿಸಿ, ತಿರುಗಿಸಲು ಹುಬ್ಬಳ್ಳಿಯಿಂದ ಒಬ್ಬನನ್ನು ಕರೆಸಿಕೊಂಡಳು. ಊರಲ್ಲಿ ಮಾತು ಬೇರೆಯೇ ಹಬ್ಬಿತು. ಗಂಡನ ಮದುವೆ ನೋಡಲಾರದೆ ಶೈಲಾ ನಡುವೆಯೇ ಯಂತ್ರ ಕಿತ್ತುಕೊಂಡು ಬಂದಳಂತೆ, ಪಾಪ ಉಮಾಶ್ರೀಗೆ ನರಗುಂದದವರ ಮುಂದೆ ತಲೆ ಎತ್ತಲಾಗದಂತಾಯಿತಂತೆ. ಯಾರಿಗೆ ತಿದ್ದಿ ಹೇಳುವುದು? ಶೈಲಶ್ರೀ ಪೇಟೆಗೆ ಹೋಗುವಾಗ ಪಾರ್ಲರಿನ ಮುಂದಿನ ದಾರಿ ಬಿಟ್ಟು ನೇಕಾರರ ಓಣಿಯಲ್ಲಿ ಸುತ್ತಿ ಹೋಗತೊಡಗಿದಳು. ನಿಜಾಮುದ್ದೀನನ ಮಗಳ ನಿಕಾಹಕ್ಕೆ ಯಂತ್ರ ಹೂಡಿದಳು. ಅಲ್ಲಿ ಕಂಡವರೊಬ್ಬರು ಹೊಳೆಮಣ್ಣೂರಿನ ಸೀಮಂತಕ್ಕೆ ಕರೆದರು. ಕೆಲಸ ಮೆಲ್ಲಗೆ ತೆವಳಿತು, ನಿಲ್ಲಲಿಲ್ಲ. ಆದರೆ ಮೊದಲಿನಂತೆ ಯಾರ ಜೊತೆಗೂ ಮನಸ್ಸು ಬಿಚ್ಚಿ ಮಾತಾಡುವುದು ಆಕೆಗೆ ಆಗುತ್ತಿರಲಿಲ್ಲ. ಬಾಯಿ ತೆರೆದಾಗೆಲ್ಲ, ಇದನ್ನು ಯಾರು ಎಲ್ಲಿ ಒಯ್ಯುತ್ತಾರೋ ಎಂಬ ಯೋಚನೆ ಮೊದಲು ಬರುತ್ತಿತ್ತು.

ದಸರೆ ಕಳೆದ ಮೇಲೆ ಒಂದು ಮಧ್ಯಾಹ್ನ ಗೊತ್ತಿರದ ನಂಬರಿನಿಂದ ಫೋನು ಬಂತು.

"ಅಕ್ಕಾರ, ನಾ ದಾನೇಶ್ವರಿರಿ. ಅಸೂಟಿಯಿಂದ." ಆಕೆ ದನಿ ತಗ್ಗಿಸಿದಳು. "ನೀವು ಯಾರಂತ ನನಗ ಇಲ್ಲಿ ಮಂದಿ ಹೇಳಿದ್ರು. ಆವತ್ತ ನಿಮ್ಮ ಮುಂದನ ಕುಂತು ನಾ ಏನೇನ ಮಾತಾಡಿದ್ನಿ ಅಂತ ನೆನಿಸಿಕೊಂಡ್ರ ನನಗ..."

"ನಿನಗ ಗೊತ್ತಿರಲಿಲ್ಲ ತಂಗಿ."

"ಗೊತ್ತ ಮಾಡಕೋಬೇಕಿತ್ತರಿ. ನಾವು ಎಲ್ಲಾರನ್ನೂ ಕೇಳಿದ್ವಿ. ನಿಮ್ಮನ್ನ ಕೇಳಲಿಲ್ಲ. ಅದಕ್ಕ ಫೋನ್ ಮಾಡೀನಿ. ಏನ ಆಗಿತ್ತಂತ ನಿಮ್ಮ ಬಾಯಿಲೆ ಹೇಳ್ರಿ."

ಶೈಲಶ್ರೀ ಹೊಸ್ತಿಲ ಮೇಲೆ ಕುಳಿತಳು. ಹೇಳಬೇಕೋ ಬೇಡವೋ ಎಂದು ತೂಗಿದಳು. ಆಮೇಲೆ ಹೇಳಿದಳು. ಮೂರು ವರ್ಷದ ಮೌನವನ್ನು ಹೇಳಲು ಐದು ನಿಮಿಷವೂ ಹಿಡಿಯಲಿಲ್ಲ. "ನಂದೂ ತಪ್ಪ ಇದ್ದಿರಬಹುದು. ಇಲ್ಲಂತ ಅನ್ನಂಗಿಲ್ಲ. ಆದ್ರ ತಪ್ಪ ನಂದಂತ ನಾ ನಿಮ್ಮ ಮನಿಗೆ ಹೇಳಿ ಕಳಿಸಿರಲಿಲ್ಲ" ಎಂದು ಮುಗಿಸಿದಳು.

"ನಮ್ಮ ಮನಿಯವ್ರ ಮ್ಯಾಲ ಸಿಟ್ಟೈತೇನ್ರಿ ಇನ್ನೂ?"

"ಅವರ ಮ್ಯಾಲ ಇಲ್ಲ. ಅವರು ನನಗ ಏನೂ ಮಾತ ಕೊಟ್ಟಿರಲಿಲ್ಲ ತಂಗಿ. ಕೊಟ್ಟಾಕಿ ಬ್ಯಾರೆ."

ಫೋನು ಇಟ್ಟಾಗ ಚನ್ನವ್ವ ಒಳಗಿನಿಂದ ಜೋಳದ ಹಿಟ್ಟಿನ ಕೈಯಲ್ಲೇ ಬಂದಳು. "ಯಾರದವಾ ಫೋನು?"

"ಅಸೂಟಿ ಮನೀದು."

ತಾಯಿ ಹುಬ್ಬು ಗಂಟಿಕ್ಕಿದಳು. "ಏನಂತ ಈಗ?"

"ಕೇಳಿದ್ಲು, ಹೇಳಿದ್ನಿ," ಎಂದು ಶೈಲಶ್ರೀ ಎದ್ದು, ಮರುದಿನದ ಕೆಲಸಕ್ಕೆ ದೀಪದ ವಾಯರು ಸುತ್ತತೊಡಗಿದಳು.